ಗಬ್ಬೂರಿನ ಇಳಿಜಾರಿನಲ್ಲಿ ಕೊನ್ಸೊ ಗೋಡೆ

ಮಣ್ಣು ರಾಷ್ಟ್ರದ ಸಂಪತ್ತು; ಅದನ್ನು ಕಾಯುವವನ ಹೊಣೆ ಸಾಮಾನ್ಯವಾದುದಲ್ಲ. ನಾನು ಕಾಯುತ್ತಿದ್ದ ಸಂಪತ್ತಿನ ಬಹುಪಾಲು ಧೂಳಾಗಿ ನಮ್ಮ ಜೀಪಿನ ಸೀಟಿನ ಮೇಲೆಯೇ ಇರುತ್ತಿತ್ತು.

೧೯೮೨ರಲ್ಲಿ ನಾನು ದೇವದುರ್ಗದಲ್ಲಿ ಭೂಸಂರಕ್ಷಣೆಯ ಅಧಿಕಾರಿ. ಮಕ್ಕಳ ಶಾಲೆಗಾಗಿ ಹೆಂಡತಿ ರಾಯಚೂರಿನಲ್ಲಿದ್ದಳು. ನಾನು ಕ್ವಾರ್ಟರ್ಸಿನಲ್ಲಿ, ಸೀಮೆಎಣ್ಣೆ ಸ್ಟೋವಿನೊಂದಿಗೆ ಸಂಸಾರ ಮಾಡುತ್ತಿದ್ದೆ. ಆ ವರ್ಷ ಒಣಬೇಸಾಯದ ತರಬೇತಿಗೆಂದು ಇಥಿಯೋಪಿಯಾದ ಕುಸಿಯಾ ಎಂಬ ತರುಣ ಅಧಿಕಾರಿಯನ್ನು ಮೇಲಿನವರು ನನ್ನಲ್ಲಿಗೆ ಕಳಿಸಿದರು. ಅವನು ಕೊನ್ಸೊ ಜನಾಂಗದವನು. ಗುಡ್ಡಗಳಿಗೆ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿಸಿ, ತಲೆತಲಾಂತರದಿಂದ ಜೋಳ ಬೆಳೆದ ಜನ ಅವರು. ಅಂಥವನಿಗೆ ಮಣ್ಣು ಉಳಿಸುವುದನ್ನು ನಾನು ಕಲಿಸಬೇಕಿತ್ತು. ಆದೇಶವಿತ್ತು; ಕಲಿಸಿದೆ.

ನಮ್ಮ ವಿಧಾನ ಕಾಂಟೂರ್ ಒಡ್ಡು, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಹಾಕುವ ಮಣ್ಣಿನ ಏರಿ. ಮಾದರಿ ತೋರಿಸಲು ಮಾನ್ವಿ ಕಡೆಯ ಕುರ್ಡಿಗೆ ಕರೆದೊಯ್ದೆ. ಹಿಂದಿನ ವಾರದ ಮಳೆಗೆ ಮಾದರಿ ಹೊರಟುಹೋಗಿತ್ತು. ಕುಸಿಯಾ ಅದು ಇದ್ದ ಜಾಗವನ್ನು ಗೌರವದಿಂದ ನೋಡಿದ.

ಆಗಸ್ಟಿನಲ್ಲಿ ತಂತಿ ಬಂತು: ಅವನ ತಂದೆ ತೀರಿಕೊಂಡಿದ್ದರು. ತರಬೇತಿ ಮುಗಿಯದೆ ಊರಿಗೆ ಹೋಗುವ ಏರ್ಪಾಡಿರಲಿಲ್ಲ. ಎರಡು ದಿನ ಬಿಟ್ಟು ಅವನು ಒಂದೇ ಒಂದು ಕೇಳಿದ: ಗಬ್ಬೂರಿನಾಚೆ ದುರ್ಗವ್ವ ಎಂಬ ರೈತ ಹೆಂಗಸಿನ ಇಳಿಜಾರಿನ ಹೊಲದಲ್ಲಿ ಗೋಡೆ ಕಟ್ಟಲೇ? ಅವನ ಅಪ್ಪ ಬದುಕಿಡೀ ಗೋಡೆ ಕಟ್ಟಿದವರಂತೆ. ದುರ್ಗವ್ವ ಒಪ್ಪಿದಳು, ನಾನೂ ಒಪ್ಪಿದೆ.

ಕೊನ್ಸೊ ಜನರಲ್ಲಿ ಈ ಕೆಲಸಕ್ಕೆ ಹತ್ತಾರು ಜನ ಸೇರುತ್ತಾರೆ. ಒಬ್ಬ ಒಂದು ಸಾಲು ಹಾಡಿದರೆ ಉಳಿದವರು ಮರುಸಾಲು ಹೇಳುತ್ತಾರೆ. ಇಲ್ಲಿ ಕುಸಿಯಾ ಒಂದು ಸಾಲು ಹಾಡಿ, ಮರುಸಾಲಿನಷ್ಟು ಹೊತ್ತು ಸುಮ್ಮನಿದ್ದು, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದ.

"ಸಾಹೇಬ್ರ, ಈ ಹುಡುಗ ಹಾಡ್ತಾನ, ಸುಮ್ಮನಾಗ್ತಾನ. ಯಾರ ದಾರಿ ನೋಡಾಕತ್ತಾನ್ರಿ?" ಎಂದಳು ದುರ್ಗವ್ವ.

"ತನ್ನ ಊರವರದು."

"ಅಯ್ಯ ಶಿವನ! ಅಷ್ಟು ದೂರ ಕೇಳಸ್ತದೇನ್ರಿ?"

ಗೋಡೆ ಮುಗಿದಾಗ ಅದರ ತುದಿಗೆ ಸೊಂಟದೆತ್ತರದ ಒಂದು ಕಲ್ಲನ್ನು ನೆಟ್ಟಗೆ ನಿಲ್ಲಿಸಿದ. "ನಮ್ಮಲ್ಲಿ ಸತ್ತ ವೀರರಿಗೆ ಮರದ ಪ್ರತಿಮೆ, ಊರಿನ ದೊಡ್ಡ ಸಂಗತಿಗೆ ಕಲ್ಲು. ಅಪ್ಪ ಎರಡಕ್ಕೂ ಸೇರುವುದಿಲ್ಲ. ಆದರೆ ತಪ್ಪು ಎನ್ನಲು ಇಲ್ಲಿ ನಮ್ಮವರು ಯಾರಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಹೇಳಿದ. ದುರ್ಗವ್ವ ಕೇಳಿದಾಗ ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ಅವನಪ್ಪನ ಹೆಸರನ್ನೂ.

ಮುಂದಿನ ತಿಂಗಳು ರಾಯಚೂರಿನಿಂದ ಮೇಲಧಿಕಾರಿ ತಪಾಸಣೆಗೆ ಬಂದರು. ಆ ಹೊಲಕ್ಕೆ ಮಂಜೂರಾದದ್ದು ಮಣ್ಣಿನ ಕೆಲಸ. "ಕಲ್ಲಿಗೆ ರೇಟ್ ಎಲ್ಲದ? ಎಲ್ಲಾ ಕೀಳಸ್ರಿ, ಒಡ್ಡು ಹಾಕಸ್ರಿ" ಎಂದು ಬೆರಳು ತೋರಿಸಿದರು. ಕುಸಿಯಾನಿಗೆ ಕನ್ನಡ ಬಾರದು; ಬೆರಳು ಅರ್ಥವಾಯಿತು. ಅವನು ಜೀಪಿನಲ್ಲಿ ಹೋಗಿ ಕೂತ.

ಸೋಮವಾರ ಗೋಡೆ ಕೀಳಲು ಆಳುಗಳೊಂದಿಗೆ ಹೋದೆವು. ನಿಲ್ಲಿಸಿದ ಕಲ್ಲಿಗೆ ಎಣ್ಣೆ ಸುರಿದಿತ್ತು, ಕುಂಕುಮ ಮೆತ್ತಿತ್ತು, ಮುಂದೆ ಒಡೆದ ತೆಂಗಿನಕಾಯಿ. ನನ್ನ ಆಳುಗಳು ಹಾರೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತರು.

"ಇದ್ಯಾವ ದೇವರವ್ವಾ?" ಎಂದೆ.

"ಕಲ್ಲಪ್ಪ ಅಂತ ಕರದೀವ್ರಿ," ಎಂದಳು ದುರ್ಗವ್ವ. "ಅವರಪ್ಪನ ಖರೇ ಹೆಸರಿಗೆ ನಮ್ಮ ನಾಲಿಗಿ ತಿರಗಂಗಿಲ್ಲ."

ಕುಸಿಯಾ ಗಾಬರಿಯಾಗಿದ್ದ. "ನಮ್ಮಪ್ಪನಿಗೆ ಇವರು ಏನು ಮಾಡಿದ್ದಾರೆ?"

"ಪ್ರಮೋಷನ್ ಕೊಟ್ಟಿದ್ದಾರೆ," ಎಂದೆ.

ಅವನು ಕಲ್ಲಿನ ಪಕ್ಕದಲ್ಲಿ ನಮಗೆ ಬೆನ್ನು ಮಾಡಿ ಬಹಳ ಹೊತ್ತು ಕೂತ. ನಾವು ಯಾರೂ ಹತ್ತಿರ ಹೋಗಲಿಲ್ಲ.

'ಸ್ಥಳದಲ್ಲಿ ದೇವರಿರುವುದರಿಂದ ತೆರವು ಸಾಧ್ಯವಿಲ್ಲ' ಎಂದು ವರದಿ ಕಳಿಸಿದೆ. ಇಲಾಖೆಯ ದರಪಟ್ಟಿಯಲ್ಲಿ ಜಾಗವಿಲ್ಲದ್ದಕ್ಕೂ ಊರಿನಲ್ಲಿ ಜಾಗ ಸಿಗಬಹುದು. ನನ್ನ ನೌಕರಿ ಕಲಿಸಿದ್ದು ಇಷ್ಟೇ.

ಡಿಸೆಂಬರಿನಲ್ಲಿ ಕುಸಿಯಾ ರಾಯಚೂರಿನಲ್ಲಿ ರೈಲು ಹತ್ತಿದ. ಮತ್ತೆ ಅವನ ಸುದ್ದಿ ಬರಲಿಲ್ಲ. ಗೋಡೆಯನ್ನು ಕೆಡವಲಿಲ್ಲ.