ವೈನಿ ನನ್ನ ನಾಡಿ ಹಿಡಿದ ಬೆಳಗು

ಅಣ್ಣ ಓಡಿ ಸತ್ತ ಎಂದೇ ಸದಲಗಾದಲ್ಲಿ ಎಲ್ಲರೂ ಹೇಳುತ್ತಿದ್ದರು. ಮಣ್ಣಿಗೆ ಬಂದವರು, ಆಮೇಲೆ ಮಾತಾಡಿಸಿಹೋಗಲು ಬಂದವರು, ಕಟ್ಟೆಯ ಮೇಲೆ ಕೂತು ಅದನ್ನೇ ತಿರುತಿರುಗಿ ಅಂದರು. "ಸುಮ್ಮ ಕುಂತಿದ್ರ ಬದಕ್ತಿದ್ದ ನೋಡ್ರಿ."

ಅಣ್ಣ ನನ್ನಂತೆಯೇ ದಪ್ಪ ಆಳು. ಕಬ್ಬಿನ ಹೊಲ ಇತ್ತು, ಆದರೆ ಬದುವಿನ ತನಕ ಮೋಟರ್‌ಸೈಕಲ್ ಮೇಲೆಯೇ ಹೋಗಿ ಬರುವವನು. ಮಗಳ ಮದುವೆಯ ಮಾತು ಶುರುವಾದ ಚಳಿಗಾಲ, ಏನನಿಸಿತೋ, ಮೈ ಇಳಿಸಲೇಬೇಕೆಂದು ಹಠ ಹಿಡಿದ. ಪೊಲೀಸ್ ನೇಮಕಾತಿಗೆ ತಯಾರಿ ನಡೆಸಿದ್ದ ಹುಡುಗರ ಜೊತೆ ಶಾಲೆಯ ಮೈದಾನದಲ್ಲಿ ಓಡತೊಡಗಿದ. ನಡುನಡುವೆ ಎದೆ ಉರಿಯುತ್ತದೆ ಎನ್ನುತ್ತಿದ್ದ. ಪಿತ್ತ ಇರಬೇಕೆಂದು ಸೋಡಾ ಕುಡಿದು ಸುಮ್ಮನಾಗುತ್ತಿದ್ದ. ಒಂದು ಬೆಳಿಗ್ಗೆ ಓಡಿ ಬಂದು ಪಡಸಾಲೆಯ ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಚಿಕ್ಕೋಡಿಗೆ ಒಯ್ಯಲು ಗಾಡಿ ಬರುವುದರೊಳಗೆ ಎಲ್ಲ ಮುಗಿದಿತ್ತು.

ಇದು ಎರಡು ಸಾವಿರದ ಹನ್ನೊಂದರ ಆಚೀಚಿನ ಮಾತು. ನನ್ನನ್ನು ಅದೇ ಊರಿಗೇ ಮದುವೆ ಮಾಡಿ ಕೊಟ್ಟಿದ್ದರು. ಅಣ್ಣನ ಮನೆ ಎರಡು ಓಣಿ ಆಚೆ. ನಾನು ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಕ್ಲರ್ಕ್. ಬಸ್ಸಿನಲ್ಲಿ ಕೂತು ಹೋಗುವುದು, ಸಂಜೆಯ ತನಕ ಕುರ್ಚಿಯಲ್ಲಿ ಕೂಡುವುದು, ಮತ್ತೆ ಬಸ್ಸಿನಲ್ಲಿ ಕೂತು ಬರುವುದು. ಅಣ್ಣ ಹೋಗಿ ವರ್ಷ ತುಂಬುವ ಹೊತ್ತಿಗೆ ಕಚೇರಿಯ ಮೆಟ್ಟಿಲು ಹತ್ತಿದರೆ ನನ್ನ ಗುಂಡಿಗೆಯ ಸಪ್ಪಳ ನನ್ನ ಕಿವಿಗೇ ಕೇಳಿಸುತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ನಿಂತು, ಯಾರಿಗೋ ಕಾಯುತ್ತಿರುವವಳಂತೆ ಕೆಳಗೆ ನೋಡುತ್ತ ಉಸಿರು ಸರಿ ಮಾಡಿಕೊಳ್ಳುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ರಜೆ ಹಾಕಿ ಚಿಕ್ಕೋಡಿಯಲ್ಲೇ ಒಬ್ಬರು ಲೇಡಿ ಡಾಕ್ಟರ್ ಹತ್ತಿರ ಹೋದೆ. ಇಸಿಜಿ ತೆಗೆದರು, ರಕ್ತ ತಪಾಸಣೆ ಮಾಡಿಸಿದರು, ಬಿಪಿ ಇದೆ ಎಂದು ಗುಳಿಗೆ ಬರೆದರು. ದಿನಾ ನಡೆಯಬೇಕು ಎಂದಾಗ ನಾನು ಅಣ್ಣನ ಸುದ್ದಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಎದಿ ಉರಿ ಅಂತಿದ್ರಲ್ಲ, ಅದು ಪಿತ್ತ ಇರಲಿಕ್ಕಿಲ್ರಿ. ತೊಂದರೆ ಒಳಗ ಮೊದಲ ಇದ್ದಿರಬೇಕು. ಡಾಕ್ಟರಿಗೆ ತೋರಿಸಲಾರದ, ರೂಢಿ ಇಲ್ಲದ ಮೈ ಇಟ್ಕೊಂಡು ಒಮ್ಮೆಲೆ ಓಡಿದ್ರು. ನೀವು ಓಡಬ್ಯಾಡ್ರಿ. ಸಪಾಟ ರಸ್ತಾದಾಗ ಹತ್ತು ನಿಮಿಷ ನಡೀರಿ, ಸಾವಕಾಶ. ಮೈಗೆ ರೂಢಿ ಆದಂಗ ವಾರಕ್ಕ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ರಿ."

ಆಮೇಲೆ ನನ್ನ ಕೈ ಹಿಡಿದು, ಹೆಬ್ಬೆರಳಿನ ಬುಡದ ಕೆಳಗೆ ನಾಡಿ ಎಲ್ಲಿ ಸಿಗುತ್ತದೆಂದು ತೋರಿಸಿದರು. ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆದು ಉಳಿದದ್ದರ ಅರ್ಧಕ್ಕಿಂತ ತುಸು ಮೇಲೆ ಬಡಿದರೆ ಸಾಕು, ಸದ್ಯಕ್ಕೆ ಅದರಾಚೆ ಹೋಗುವುದು ಬೇಡ ಎಂದರು. ನನ್ನ ಮುಖ ನೋಡಿ ನಕ್ಕರು. "ಲೆಕ್ಕ ಹತ್ತಲಿಲ್ಲಂದ್ರ ಬಿಡ್ರಿ. ನಡಿಯುವಾಗ ಮಾತಾಡಾಕ ಬರಬೇಕು. ಮಾತು ತುಂಡಾತು ಅಂದ್ರ ನಿಧಾನ ಆಗ್ರಿ. ಎದಿ ಹಿಡಿದಂಗ ಆದ್ರ, ತಣ್ಣನ ಬೆವರು ಬಂದ್ರ, ಕಣ್ಣಿಗೆ ಕತ್ತಲಿ ಬಂದ್ರ ಅಲ್ಲೇ ಕುಂಡ್ರಿ, ತಡಾ ಮಾಡದ ದವಾಖಾನಿಗೆ ಬರ್ರಿ."

ಈ ಸುದ್ದಿ ವೈನಿಗೆ ಹೇಳಲು ಹೋದೆ. ವೈನಿ ಎಂದರೆ ಅಣ್ಣನ ಹೆಂಡತಿ. ಅವನು ಹೋದಂದಿನಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದವಳಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಆವತ್ತು ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ಬ್ಯಾಡ ತಂಗಿ. ಒಬ್ಬಂವ ಹೋಗ್ಯಾನಲ್ಲ, ಸಾಕು."

"ನಾ ಓಡಂಗಿಲ್ಲ ವೈನಿ. ಬರೇ ನಡಿತೀನ್ರಿ. ಡಾಕ್ಟರ ನೋಡೇ ಹೇಳ್ಯಾರ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಹಂಗಾದ್ರ ನಿನ್ನ ಒಬ್ಬಾಕಿನ್ನ ಬಿಡಂಗಿಲ್ಲ."

ಹೀಗೆ ಇಬ್ಬರೂ ಹೊರಟೆವು. ನಾನು ನಿಪ್ಪಾಣಿಯಲ್ಲಿ ಬೂಟು ಕೊಂಡಿದ್ದೆ. ಸೀರೆಯ ಕೆಳಗೆ ಅವು ಕಾಣದಂತೆ ನೆರಿಗೆ ಇಳಿಬಿಟ್ಟು ನಡೆಯುತ್ತಿದ್ದೆ. ಡೇರಿಗೆ ಹಾಲು ಹಾಕಲು ಹೊರಟವರು ಸೈಕಲ್ ನಿಧಾನ ಮಾಡಿ ತಿರುಗಿ ನೋಡುತ್ತಿದ್ದರು. ಮೊದಮೊದಲು ಮಾತಿಗಾಗಿ ಒದ್ದಾಡಿದ್ದು ನಾನೇ. ಉಸಿರಿನ ಅಳತೆಗೆ ಮಾತು ಬೇಕಿತ್ತು, ವೈನಿಯ ಬಾಯಲ್ಲಿ ಮಾತಿರಲಿಲ್ಲ. ಕಚೇರಿಯ ಸುದ್ದಿ, ಪಲ್ಯದ ಸುದ್ದಿ, ಏನೇನೋ ಹೇಳುತ್ತಿದ್ದೆ. ನನ್ನ ಮಾತು ತುಂಡಾದ ಕೂಡಲೇ ಅವಳು ಸೆರಗು ಹಿಡಿದು ಎಳೆಯುತ್ತಿದ್ದಳು. "ಸಾವಕಾಶ."

ವಾರಗಳು ಕಳೆದಂತೆ ನಡಿಗೆ ದೂಧಗಂಗೆಯ ಸೇತುವೆಯ ತನಕ ಬೆಳೆಯಿತು. ಕಬ್ಬು ಕಡಿಯುವ ಹಂಗಾಮು. ಒಂದು ಬೆಳಿಗ್ಗೆ ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತ ಬಂತು. ಗಾಬರಿಯಿಂದ ಏರಿನಲ್ಲಿ ದಡದಡ ನಡೆದೆ. ಸೇತುವೆ ಮುಟ್ಟಿದಾಗ ನನಗೆ ಉಸಿರೇ ಸಿಗುತ್ತಿರಲಿಲ್ಲ.

"ಮಾತಾಡು," ಎಂದಳು ವೈನಿ. ನನ್ನ ಬಾಯಿಂದ ಬರೀ ಗಾಳಿ ಹೊರಟಿತು. "ಮಾತಾಡು ತಂಗಿ!"

ಸೇತುವೆಯ ಅಂಚಿನ ಗಿಡ್ಡ ಗೋಡೆಯ ಮೇಲೆ ಕೂತುಬಿಟ್ಟೆ. ಎದೆಯಲ್ಲಿ ನೋವಿರಲಿಲ್ಲ, ಬಡಿತ ಮಾತ್ರ ಗಂಟಲಿಗೆ ಬಂದಿತ್ತು. ನಾಡಿ ನೋಡಿಕೊಳ್ಳಲು ಹೋದರೆ ಎಣಿಕೆ ತಪ್ಪಿಹೋಗುತ್ತಿತ್ತು. ಕೈಯನ್ನು ವೈನಿಯ ಮುಂದೆ ಚಾಚಿ, ಡಾಕ್ಟರ್ ತೋರಿಸಿದ ಜಾಗದ ಮೇಲೆ ಅವಳ ಬೆರಳು ಇಟ್ಟೆ.

ಅವಳು ತಲೆ ಬಗ್ಗಿಸಿ ಹಿಡಿದೇ ಕೂತಳು. ಟ್ರ್ಯಾಕ್ಟರ್ ದಾಟಿ ಹೋಯಿತು. "ಬಡಿಯಾಕತ್ತೈತಿ," ಎಂದಳು. ಮತ್ತೆ ಸ್ವಲ್ಪ ತಡೆದು, "ಈಗ ನಿಧಾನ ಆಗಾಕತ್ತೈತಿ." ಅವಳ ಕಣ್ಣೀರು ನನ್ನ ಮುಂಗೈ ಮೇಲೆ ಬಿತ್ತು.

"ಅವತ್ತ ನಾನೂ ಅವರ ಕೈ ಹಿಡಿದಿದ್ದೆ. ಇಲ್ಲೇ. ಏನೂ ಹತ್ತಲಿಲ್ಲ. ನನಗ ಹಿಡಿಯಾಕ ಬರಲಿಲ್ಲೇನೋ, ಜೀವ ಇತ್ತೇನೋ, ಅವರು ಹೋದ್ರು ಅಂತ ನಾ ಬೋರಾಡಿ ಅತ್ತು ಹೊತ್ತು ಕಳದ್ನೇನೋ… ದಿನಾ ಇದ ತಲ್ಯಾಗ."

"ಜಾಗ ಇದಾ ಏನ್ರಿ ವೈನಿ?"

"ಇದಾ."

"ಹಂಗಾರ ನೀವು ಬರೋಬ್ಬರಿ ಜಾಗಾದಾಗ ಹಿಡಿದಿದ್ರಿ."

ಅವಳು ನನ್ನ ಕೈ ಬಿಡಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಎದೆ ಖಾಲಿಯಾಗುವ ತನಕ ಅತ್ತಳು. ಬಿಸಿಲೇರಿದ ಮೇಲೆ ಎದ್ದು, ನಿಂತು ನಿಂತು ಮನೆಗೆ ಬಂದೆವು. ದಾರಿಯುದ್ದಕ್ಕೂ ಮಾತಾಡಿದವಳು ಅವಳೇ. ಅಣ್ಣ ಮದುವೆಯಾದ ಹೊಸದರಲ್ಲಿ ಕದ್ದು ಪೇಡೆ ತಂದುಕೊಡುತ್ತಿದ್ದದ್ದು, ಸಿಟ್ಟು ಬಂದರೆ ಊಟ ಬಿಡದೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದದ್ದು.

ಆ ದಿನವೇ ಡಾಕ್ಟರಿಗೆ ತೋರಿಸಿದೆ. ಗಾಬರಿಯ ಕಾರಣ ಇಲ್ಲ, ಏರು ಮಾತ್ರ ಸದ್ಯ ಬೇಡ ಎಂದರು. ನನ್ನ ಜೊತೆ ಬಸ್ಸು ಹತ್ತಿ ಬಂದಿದ್ದ ವೈನಿ, ನಾನು ಕುರ್ಚಿಯಿಂದ ಏಳುತ್ತಲೇ ತಾನು ಕೂತಳು. "ನನ್ನೂ ಒಮ್ಮೆ ನೋಡ್ರಿ," ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು, ಹೊತ್ತಿಗೆ ಸರಿಯಾಗಿ ತಿಳಿಯಿತು.

ನಾನು ತೆಳ್ಳಗಾಗಲಿಲ್ಲ. ರವಿಕೆ ಸ್ವಲ್ಪ ಸಡಿಲಾಯಿತು, ಬಿಪಿ ಹತೋಟಿಗೆ ಬಂತು, ವೈನಿಯ ಸಕ್ಕರೆ ಕಾಯಿಲೆ ಇಂಜೆಕ್ಷನ್ ಬೇಡದೆ ಗುಳಿಗೆಯಲ್ಲೇ ನಿಂತಿತು. ಮಳೆಗಾಲದಲ್ಲಿ ಹೊಳೆ ಸೇತುವೆಯ ಮೇಲೆ ಬಂದಾಗ ಶಾಲೆಯ ಉದ್ದನೆಯ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆವು. ನನಗೆ ಬೆಳಗಾವಿಗೆ ವರ್ಗವಾದ ಮೇಲೆ ಅವಳು ಒಬ್ಬಳೇ ಸೇತುವೆಯ ತನಕ ನಡೆದು ಬರತೊಡಗಿದಳು.