ಎದುರಾಳಿಯ ಕರಪತ್ರ

ಶಿಕಾರಿಪುರದಲ್ಲಿ ನಾನು ಕೆಲಸಕ್ಕಿದ್ದದ್ದು ಬೆಳೆಗೆ ಔಷಧಿ ಹೊಡೆಯುವ ಪಂಪುಗಳ ಅಂಗಡಿಯಲ್ಲಿ. ಸಾಹುಕಾರರು ಕನ್ನಡಕವನ್ನು ಹಣೆಗೇರಿಸಿಕೊಂಡು ಅಂಗಡಿಯ ಕರಪತ್ರಕ್ಕೆ ಸದಾ ಏನಾದರೂ ಬರೆಯುತ್ತಿದ್ದರು. ಯಾಕೆಂದು ಕೇಳಿದರೆ, “ಓದ್ಲಿ ಬಿಡೋ” ಅನ್ನುತ್ತಿದ್ದರು.

ಒಂದು ದಿನ ಸೊರಬದಲ್ಲಿದ್ದ ನಮ್ಮ ಎದುರಾಳಿ ಅಂಗಡಿಯ ಕರಪತ್ರ ಕೈಗೆ ಬಂತು. ಹಿಂಬದಿಯಲ್ಲಿ ಪಂಪು ಕೆಡದಂತೆ ನೋಡಿಕೊಳ್ಳುವ ಬಗ್ಗೆ ಲೇಖನ. ಕೆಳಗೆ ನಮ್ಮ ಸಾಹುಕಾರರ ಹೆಸರು, ಊರು! ಅದನ್ನು ಅವರ ಮುಂದೆ ಹಿಡಿದೆ.

“ಅವ್ರಿಗ್ಯಾಕ್ ಬರ್ದುಕೊಟ್ರಿ, ಸಾವ್ಕಾರ್ರೆ?”

“ನಮ್ಮ ಕರಪತ್ರ ನಮ್ಮ ಗಿರಾಕಿಗಳೇ ಓದ್ತಾರೆ. ಹೊಸಬ್ರು ಅಲ್ಲಿ ಅದಾರೆ. ಓದ್ಲಿ ಬಿಡೋ.”

ವಾರದೊಳಗೆ ಸೊರಬದ ಕಡೆಯ ಉಳವಿಯ ರೈತರೊಬ್ಬರು ಅದೇ ಕರಪತ್ರ ಹಿಡಿದು, ಕೆಟ್ಟ ಪಂಪು ಹೊತ್ತು ಬಂದರು.

“ಬರ್ದೋರು ನೀವೇ ಏನ್ರೀ?”

ಸಾಹುಕಾರರು ಪಂಪು ತಿರುಗಿಸಿ ನೋಡಿ, “ಇದ್ರ ವಾಷರ್ ಸೊರಬದಾಗೇ ಸಿಗ್ತೈತಿ. ಇಷ್ಟು ದೂರ ಯಾಕ್ ಬಂದ್ರಿ?” ಎಂದುಬಿಟ್ಟರು.

ರೈತರು ಬೆಂಚಿನ ಮೇಲೆ ಕುಳಿತರು.

“ಇರ್ಲಿ ಬಿಡ್ರೀ. ಹೊಸಾದೊಂದು ತೋರ್ಸಿ.”