ನೊಣದ ಡಾಕ್ಟರಕ್ಕ

ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿ ನನ್ನ ಅಣ್ಣನ ಹೋಟೆಲು. ನೊಣ ಓಡಿಸುವುದರಲ್ಲೇ ಅವನ ಆಯುಷ್ಯ ಸವೆಯಿತು, ನೊಣ ಸಾಕುವುದರಲ್ಲಿ ನನ್ನದು. "ನಾನು ಓಡಿಸಿದ್ದೆಲ್ಲ ನಿನ್ನ ಲ್ಯಾಬಿಗೇ ಬರ್ತದಾ ಮಾರಾಯ್ತಿ?" ಎಂದು ಕಿಚಾಯಿಸುತ್ತಿದ್ದ. ನಾನು ಸಾಕುವುದು ಕಳಿತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ, ಅದರ ಜಾತಿಯೇ ಬೇರೆ ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಟೆಲಿನವರಿಗೆಲ್ಲ ನಾನು ಡಾಕ್ಟರಕ್ಕ. ಪಿಎಚ್.ಡಿ. ಮಾಡಿದವಳು ಮದ್ದು ಕೊಡುವ ಡಾಕ್ಟರಲ್ಲ ಎಂದು ವಿವರಿಸುವುದನ್ನು ಎಂದೋ ಬಿಟ್ಟಿದ್ದೆ.

ಮೈಯೊಳಗೆ ಒಂದು ಜೀವಕೋಶ ಪಕ್ಕದ ಕೋಶಕ್ಕೆ 'ಬೆಳೆ' ಎಂದೋ 'ಸಾಕು, ನಿಲ್ಲು' ಎಂದೋ ಸುದ್ದಿ ಮುಟ್ಟಿಸುತ್ತಿರುತ್ತದೆ. ನೊಣದ ಕರುಳಿನಲ್ಲಿ ಆ 'ನಿಲ್ಲು' ಕೇಳಿಸದಂತೆ ಒಂದು ಜೀನನ್ನು ಕೆಡಿಸಿ, ಗಡ್ಡೆ ಹೇಗೆ ಬೆಳೆಯುತ್ತದೆಂದು ನೋಡುವುದು ನನ್ನ ಕೆಲಸ. ಅನುದಾನದ ಪ್ರತಿ ಅರ್ಜಿಯ ಕೊನೆಗೂ 'ಮುಂದೆ ಇದು ಕ್ಯಾನ್ಸರ್ ಚಿಕಿತ್ಸೆಗೆ ನೆರವಾಗಬಹುದು' ಎಂದು ಸೇರಿಸುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಸೇರಿಸುತ್ತಾರೆ, ಕಾಗದದ ಕೊನೆಗೆ 'ಇಂತಿ ನಿಮ್ಮ ವಿಶ್ವಾಸಿ' ಎಂದು ಬರೆದ ಹಾಗೆ. ಆ ಮಾತನ್ನು ಯಾವಾಗಲೋ ಅಣ್ಣನಿಗೂ ಹೇಳಿದ್ದೆ. ಅವನು ನಂಬಿಕೊಂಡಿದ್ದ.

ಹೋದ ವರ್ಷ ಅವನ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಅಷ್ಟರಲ್ಲೇ ಲಿವರಿಗೂ ಹಬ್ಬಿತ್ತು. ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಕಿಮೋ ಕೊಟ್ಟರೆ ಸ್ವಲ್ಪ ಕಾಲ ತಳ್ಳಬಹುದು ಎಂದರು ಆಸ್ಪತ್ರೆಯವರು. ರಿಪೋರ್ಟಿನಲ್ಲಿ ಕೆಟ್ಟುಹೋದ ಜೀನಿನ ಹೆಸರಿತ್ತು. ಇಷ್ಟು ವರ್ಷ ನಾನು ನೊಣದಲ್ಲಿ ಕೆಡಿಸುತ್ತ ಬಂದದ್ದೂ ಅದನ್ನೇ. ಅದನ್ನು ಅಣ್ಣನಿಗೂ ಹೇಳಿದೆ. ಅವನ ಮುಖ ಅರಳಿತು. ಬಂದರೂ ತಂಗಿಗೆ ಗೊತ್ತಿರುವ ರೋಗವೇ ಬಂತಲ್ಲ ಎಂಬ ಸಮಾಧಾನ ಅವನಿಗೆ. ಕಿಮೋ ಬೇಡ, ನಿನ್ನ ಲ್ಯಾಬಿನ ಮದ್ದೇ ಕೊಡು ಎಂದು ಹಟ ಹಿಡಿದ.

ಹೋಟೆಲಿನ ಗಲ್ಲಾದಲ್ಲಿ ಅವನ ಪಕ್ಕ ಕೂತು, ಅಂಥ ಮದ್ದು ನನ್ನಲ್ಲಿ ಇಲ್ಲ ಎಂದೆ.

"ಹಾಗಾದ್ರೆ ಗಡ್ಡೆ ಬಂದ ನೊಣಕ್ಕೆ ಎಂತ ಮಾಡ್ತಿ?" ಎಂದ.

"ಮೈಕ್ರೋಸ್ಕೋಪಿನಲ್ಲಿ ನೋಡ್ತೇವೆ. ಆಮೇಲೆ ಸ್ಪಿರಿಟ್ ಬಾಟ್ಲಿಗೆ ಹಾಕ್ತೇವೆ."

"ಒಂದೂ ಹುಷಾರಾಗ್ಲಿಲ್ವಾ?"

"ಇಲ್ಲ ಅಣ್ಣ. ಹುಷಾರು ಮಾಡ್ಲಿಕ್ಕೆ ನಾನು ನೋಡ್ಲೇ ಇಲ್ಲ."

ಅವನು ಗಲ್ಲಾದ ಚಿಲ್ಲರೆ ಎಣಿಸಿ ಜೋಡಿಸತೊಡಗಿದ. ನನ್ನ ವಿದ್ಯೆಯ ಮೇಲೇ ನನಗೆ ಅಸಹ್ಯ ಬಂತು. ಕೊನೆಗೆ, ಸೋಮವಾರ ಕಿಮೋಗೆ ಹೋಗುವ ಎಂದ.

ಬಿಲ್ಲು ಕೊಡಲು ಬಂದ ಊರಿನ ಹಳೆಯ ಗಿರಾಕಿಯೊಬ್ಬರು ಅಣ್ಣನ ಆರೋಗ್ಯ ವಿಚಾರಿಸಿದರು. ನನ್ನ ಕಡೆ ನೋಡದೆಯೇ ಅವನು ಹೇಳಿದ:

"ಹೆದರಿಕೆ ಇಲ್ಲ, ತಂಗಿ ಉಂಟಲ್ಲ. ಅವಳಿಗೆ ಇದೇ ಕೆಲಸ."